ನಮ್ಮನ್ನೂ ಕರಾವಳಿಗೆ ಸೇರಿಸಿಕೊಳ್ಳಿ: ಅರಬ್ಬಿ ಸಮುದ್ರಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಅರಬ್ಬಿ ಸಮುದ್ರದವರು,
ಕಾರವಾರದಿಂದ ಉಳ್ಳಾಲದವರೆಗೆ.

ವಿಷಯ: ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಸೀಮೆಯನ್ನು ಕರಾವಳಿಯೆಂದು ಘೋಷಿಸುವ ಕುರಿತು.

ಸಮುದ್ರರಾಜರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮಗೊಂದು ಕಡಲತೀರ ಮಂಜೂರಾಗಬೇಕು. ಅಲೆ, ಮರಳು, ತೆಂಗಿನ ಸಾಲು ಇವನ್ನೆಲ್ಲ ಕೇಳುತ್ತಿಲ್ಲ. ಸೂರ್ಯಾಸ್ತವಂತೂ ಹಂಪಿಯ ಹೇಮಕೂಟದಲ್ಲೇ ಬೇಕಾದಷ್ಟಿದೆ. ಕಾಗದದ ಮೇಲೊಂದು ತೀರ ಸಿಕ್ಕರೆ ಸಾಕು.

ನಕ್ಷೆ ಬಿಡಿಸಿದ ಕೂಡಲೇ ತಮ್ಮ ಕಚೇರಿಯಲ್ಲಿ ನಗೆಯೇಳಬಹುದು. ಹೊಸಪೇಟೆ ಎಲ್ಲಿ, ಕಡಲು ಎಲ್ಲಿ, ನಡುವೆ ಇಡೀ ಸಹ್ಯಾದ್ರಿಯೇ ಅಡ್ಡ ಮಲಗಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ನಕ್ಷೆಯನ್ನು ಅಷ್ಟಾಗಿ ನಂಬುವ ಸೀಮೆ ನಮ್ಮದಲ್ಲ. ಗಣಿಯ ಭರಾಟೆಯಲ್ಲಿ ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿಗುರುತುಗಳೇ ಅಳಿಸಿಹೋಗಿ, ಕೊನೆಗೆ ಸರ್ವೆ ಆಫ್ ಇಂಡಿಯಾದವರು ಬಂದು ಎರಡು ರಾಜ್ಯಗಳ ಗೆರೆಯನ್ನು ಮತ್ತೊಮ್ಮೆ ಎಳೆಯಬೇಕಾಯಿತು. ಹರಪನಹಳ್ಳಿಯ ಕತೆ ಕೇಳಿ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಊರು ಒಂದು ಗೇಣೂ ಅಲುಗಲಿಲ್ಲ, ಜಿಲ್ಲೆಗಳೇ ಅದರ ಮೇಲೆ ಹಾದು ಹೋದವು. ರಾಜ್ಯದ ಗಡಿ ಅಳಿಸುವ, ಕೂತ ತಾಲ್ಲೂಕು ಊರೂರು ತಿರುಗುವ ಜಾಗದಲ್ಲಿ, ಕಡಲು ಮುನ್ನೂರು ಕಿಲೋಮೀಟರಿನಷ್ಟು ಒಳಗೆ ಸರಿಯುವುದು ಯಾವ ಮಹಾ ಕೆಲಸ? ಒಬ್ಬ ಸರ್ವೆಯರ್, ಒಂದು ಸರಪಳಿ, ಒಂದು ಊಟ.

ಅರ್ಜಿದಾರರ ಪರಿಚಯ ಮಾಡಿಕೊಡಬೇಕಲ್ಲ. 2021ರ ಫೆಬ್ರುವರಿಯಲ್ಲಿ ಸರ್ಕಾರ ಬಳ್ಳಾರಿಯನ್ನು ಸೀಳಿ ವಿಜಯನಗರವೆಂಬ 31ನೇ ಜಿಲ್ಲೆ ಮಾಡಿತು. ಅಕ್ಟೋಬರ್ 2ರಂದು ಉದ್ಘಾಟನೆಯೂ ಆಯಿತು. ಪಾಲು ಹೀಗಾಯಿತು: ಹೊಸಪೇಟೆ, ಹಂಪಿ ವಿಜಯನಗರಕ್ಕೆ, ಸಂಡೂರಿನ ಗುಡ್ಡ, ಕಂಪ್ಲಿಯ ಗದ್ದೆ ಬಳ್ಳಾರಿಗೆ. ಹೆಸರುಗಳನ್ನು ಮಾತ್ರ ಯಾರೂ ಪಾಲು ಮಾಡಲಿಲ್ಲ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಳ್ಳಾರಿಯಲ್ಲಿದೆ. 1971ರಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದ ವಿಜಯನಗರ ಉಕ್ಕು ಕಾರ್ಖಾನೆಯ ಜಾಗ ತೋರಣಗಲ್ಲು, ಅಂದರೆ ಸಂಡೂರು ತಾಲ್ಲೂಕು, ಅಂದರೆ ಬಳ್ಳಾರಿ ಜಿಲ್ಲೆ. ಆ ಅಡಿಗಲ್ಲು ಇಪ್ಪತ್ತು ವರ್ಷ ಕಲ್ಲಾಗಿಯೇ ಇತ್ತೆಂಬುದು ಬೇರೆ ಮಾತು. ತೊಂಬತ್ತರ ದಶಕದಲ್ಲಿ ಜಿಂದಾಲ್ ಬಂದ ಮೇಲೆ ಅಲ್ಲಿ ಬೆಂಕಿ ಹೊತ್ತಿತು, ಇಂದು ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಅದೊಂದು. ಎರಡು ಜಿಲ್ಲೆಯ ನಾಲ್ಕು ಊರಿಗೆ ಒಂದೇ ಅರ್ಜಿ ಹೇಗೆ ಎಂದು ತಮ್ಮ ಗುಮಾಸ್ತರು ಆಕ್ಷೇಪಣೆ ಬರೆದರೆ, ಸಂಡೂರಿನ ಕೆಂಪು ದೂಳಿಗೂ ಹೊಸಪೇಟೆಯಿಂದ ಕಂಪ್ಲಿಗೆ ಹರಿಯುವ ಹೊಳೆಗೂ ಅಧಿಸೂಚನೆಯ ಪ್ರತಿ ಇನ್ನೂ ತಲುಪಿಲ್ಲ ಎಂದು ತಿಳಿಸಿಬಿಡಿ.

ಇನ್ನು ಹಕ್ಕಿನ ಮಾತು. ನಿಮ್ಮ ದಡದ ಮೇಲೆ ನಮ್ಮ ಹಕ್ಕು ಹೊಸದೇನಲ್ಲ. 1443ರಲ್ಲಿ ಪಾರಸಿಕರ ರಾಯಭಾರಿ ಅಬ್ದುಲ್ ರಜಾಕ್ ಹಾರ್ಮುಜ್‌ನಿಂದ ಹಡಗು ಹತ್ತಿ, ಕಲ್ಲಿಕೋಟೆ ಮುಟ್ಟಿ, ಮಂಗಳೂರಿನಲ್ಲಿ ಇಳಿದು ವಿಜಯನಗರಕ್ಕೆ ಬಂದ. ಇಲ್ಲಿನ ಅರಸನಿಗೆ ಮುನ್ನೂರು ಬಂದರುಗಳಿವೆ ಎಂದು ಬರೆದಿಟ್ಟ. ಎಣಿಸಿ ಬರೆದನೋ, ಊಟ ಚೆನ್ನಾಗಿತ್ತೆಂದು ಬರೆದನೋ, ಬರೆದದ್ದಂತೂ ಹೌದು. ಭಟ್ಕಳದಿಂದ ಎತ್ತಿನ ಹೇರುಗಳು ಘಟ್ಟ ಹತ್ತಿ ಬರುತ್ತಿದ್ದವು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆ ಹಿಡಿದು ನಿಂತ ಪರದೇಶಿಗಳನ್ನು ಈಗಲೂ ನೋಡಬಹುದು. ಕುದುರೆ ಬಂದದ್ದು ತಮ್ಮ ಬೆನ್ನ ಮೇಲೆಯೇ. ಕೃಷ್ಣದೇವರಾಯ ವರ್ಷಕ್ಕೆ ಹದಿಮೂರು ಸಾವಿರ ಹಾರ್ಮುಜ್ ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಲೆಕ್ಕ ಕೊಡುತ್ತಾನೆ. ಅದೇ ನೂನಿಜ್ ಸಾಳ್ವ ನರಸಿಂಹನ ಬಗ್ಗೆ ಹೇಳುವ ಒಂದು ಸಂಗತಿಯನ್ನು ಈ ಅರ್ಜಿಯ ಮುಖ್ಯ ಆಧಾರವೆಂದು ಪರಿಗಣಿಸಬೇಕಾಗಿ ಕೋರಿಕೆ. ಕುದುರೆ ಬದುಕಿ ಬರಲಿ ಸತ್ತು ಬರಲಿ, ಅರಸ ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ನಡುಗಡಲಿನಲ್ಲೇ ಸತ್ತರೆ ವ್ಯಾಪಾರಿ ಬಾಲವನ್ನಷ್ಟೇ ಕತ್ತರಿಸಿಕೊಂಡು ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಎಣಿಸಿ ಕೊಡುತ್ತಿದ್ದನಂತೆ. ಆಡಳಿತವೆಂದರೆ ಇದು. ಕಡಲಿನಲ್ಲಿ ಏನೇ ಕಳೆದರೂ ಒಂದು ಬಾಲವಾದರೂ ರಾಜಧಾನಿಗೆ ತಲುಪಬೇಕು.

ಈಗ ಬಾಲವಿಲ್ಲದ ವ್ಯಾಪಾರದ ಕಡೆಗೆ ಬರುತ್ತೇನೆ. ನಮ್ಮ ಮನೆ ಬಾಗಿಲ ರಸ್ತೆಗೆ ಮೊದಲು ರಾಷ್ಟ್ರೀಯ ಹೆದ್ದಾರಿ 63 ಎಂದು ಹೆಸರಿತ್ತು, ಈಗ 67 ಅನ್ನುತ್ತಾರೆ. ಹಳೆಯ 63ರ ಪಶ್ಚಿಮದ ತುದಿ ಅಂಕೋಲಾ. ಚೀನಾದವರು ಬೀಜಿಂಗ್ ಒಲಿಂಪಿಕ್ಸ್‌ಗೆ ಕಬ್ಬಿಣ ಕಟ್ಟುತ್ತಿದ್ದ ವರ್ಷಗಳಲ್ಲಿ ಅದಿರಿನ ಬೆಲೆ ಏರಿತು. ಗಣಿ ಬದಿಯಲ್ಲಿ ಕಸವೆಂದು ಗುಡ್ಡೆ ಹಾಕಿದ್ದ ಪುಡಿಯೂ ಚಿನ್ನವಾಯಿತು. ಶೇಂಗಾ, ಜೋಳ ಬೆಳೆಯುತ್ತಿದ್ದ ಹೊಲದವರು ಹೊಲ ಅಗೆದು ಅದಿರು ಆರಿಸಿ ಮಾರಿದರು. ವ್ಯಾಸನಕೆರೆ, ಪಾಪಿನಾಯಕನಹಳ್ಳಿ, ಕಾರಿಗನೂರು, ಜಂಬುನಾಥನಹಳ್ಳಿ ಈ ಹಾದಿಯುದ್ದಕ್ಕೂ ಟಿಪ್ಪರು, ಲಾರಿ, ಅವುಗಳ ಹಿಂದೆ ಲಾರಿ. ಬೇವಿನ ಮರಕ್ಕೆ ಹಸಿರು ಬಣ್ಣವಿತ್ತೆಂಬುದನ್ನು ಮಕ್ಕಳು ಪುಸ್ತಕದಲ್ಲಿ ಓದಿ ತಿಳಿಯುತ್ತಿದ್ದರು. ಆ ಲಾರಿಗಳು ಹುಬ್ಬಳ್ಳಿ ದಾಟಿ, ಅರಬೈಲು ಘಟ್ಟ ಇಳಿದು, ಬೇಲೇಕೇರಿಯಲ್ಲಿ ತಮ್ಮ ಪಾದಕ್ಕೆ ಅದಿರು ಸುರಿದವು. ಅಲ್ಲಿ ಅರಣ್ಯ ಇಲಾಖೆಯವರು 2010ರಲ್ಲಿ ಸುಮಾರು ಐದು ಲಕ್ಷ ಟನ್ ಅದಿರು ಜಪ್ತಿ ಮಾಡಿದರು. ಜಪ್ತಿಯಾದ ಅದಿರು ಜಪ್ತಿಯಾದ ಜಾಗದಿಂದಲೇ ಹಡಗು ಹತ್ತಿ ಹೋಯಿತು. ಕಳ್ಳ ಕದ್ದ ಮಾಲು ಮಾಯವಾಗುವುದನ್ನು ಎಲ್ಲ ಊರಿನವರೂ ನೋಡಿದ್ದಾರೆ. ಸರ್ಕಾರದ ವಶದಲ್ಲಿದ್ದ ಬೆಟ್ಟ ಮಾಯವಾದದ್ದನ್ನು ನೋಡಿದವರು ತಾವೊಬ್ಬರೇ. ಪ್ರತ್ಯಕ್ಷಸಾಕ್ಷಿಗಳಾದ ತಮ್ಮನ್ನು ಇದುವರೆಗೆ ಯಾರೂ ಕಟಕಟೆಗೆ ಕರೆದಿಲ್ಲವೆಂಬುದು ನನಗಂತೂ ಅನ್ಯಾಯವೆನಿಸುತ್ತದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಈ ಪ್ರಕರಣದಲ್ಲಿ ಶಿಕ್ಷೆ ವಿಧಿಸಿತು; ಮರು ತಿಂಗಳೇ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಅದಿರಂತೂ ವಾಪಸು ಬರಲಿಲ್ಲ.

ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಬರೆದರು. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಎರಡು ದಿನದಲ್ಲಿ ಮುಖ್ಯಮಂತ್ರಿ ರಾಜೀನಾಮೆ. ಆಮೇಲೆ ಗಣಿಗಳಿಗೆ ಎ, ಬಿ, ಸಿ ಎಂದು ಶಾಲೆಯ ಮಕ್ಕಳಿಗೆ ಕೊಡುವಂತೆ ದರ್ಜೆ ಬಂತು, ಇ-ಹರಾಜು ಬಂತು, ರಫ್ತು ನಿಂತಿತು. 2022ರ ಮೇನಲ್ಲಿ ಕೋರ್ಟು ಮತ್ತೆ ರಫ್ತಿಗೆ ಬಾಗಿಲು ತೆರೆಯಿತು. ನಡುವಿನ ಹತ್ತು ವರ್ಷ ಅದಿರು ಮಾರಿದ ಹಣದ ಒಂದು ಪಾಲು ಗಣಿಬಾಧಿತ ಹಳ್ಳಿಗಳಿಗೆಂದು ಬೇರೆ ಖಾತೆಯಲ್ಲಿ ಕೂಡುತ್ತಾ ಹೋಗಿ, ಅದರ ಯೋಜನೆಯ ಗಾತ್ರ ಈಗ 25 ಸಾವಿರ ಕೋಟಿಯ ಹತ್ತಿರವಿದೆ. ಸಂಡೂರಿನ ಹಳ್ಳಿಯೊಂದರ ಅಂಗನವಾಡಿಯಲ್ಲಿ ಈ ಅಂಕಿ ಹೇಳಿ ನೋಡಿ. ಸೊನ್ನೆ ಎಣಿಸುವುದು ಕಲಿಸಲು ಒಳ್ಳೆಯ ಪಾಠ.

ತಮ್ಮ ಕಚೇರಿಯವರು ಪೂರ್ವನಿದರ್ಶನ ಕೇಳುತ್ತಾರೆಂದು ಗೊತ್ತು. ಸರ್ಕಾರಿ ಕಡತ ಎಲ್ಲಿಯಾದರೂ ಮೊದಲು ನಡೆದದ್ದನ್ನಷ್ಟೇ ನಡೆಸಿಕೊಡುತ್ತದೆ. ಆದ್ದರಿಂದ ದಕ್ಷಿಣ ಆಫ್ರಿಕದ ಪಶ್ಚಿಮ ಕರಾವಳಿಯಿಂದ ಒಂದನ್ನು ಲಗತ್ತಿಸಿದ್ದೇನೆ. ಅಲ್ಲಿ ವೆಸ್ಟ್ ಕೋಸ್ಟ್ ಎಂಬ ಜಿಲ್ಲೆ, ಅದರಲ್ಲಿ ಸಲ್ಡಾನ್ಹಾ ಎಂಬ ಕೊಲ್ಲಿ. ಅಟ್ಲಾಂಟಿಕ್‌ನವರು ತಮ್ಮ ಸೋದರರೇ, ವಿಚಾರಿಸಿ ನೋಡಬಹುದು. ಬೆಂಗುಯೆಲಾ ಎಂಬ ತಣ್ಣನೆಯ ಪ್ರವಾಹ ದಡಕ್ಕೆ ಉಜ್ಜಿಕೊಂಡು ಹೋಗುವುದರಿಂದ ಮಂಜು ಜಾಸ್ತಿ, ಮಳೆ ಕಡಿಮೆ. ಆದರೆ ಮೀನು ಸಮೃದ್ಧಿ. ಹಿಂದೆ ಮೀನುಗಾರರ ಊರು, ಸ್ವಲ್ಪ ಒಳಗೆ ಗೋಧಿಯ ಹೊಲಗಳು. ಅಲ್ಲಿಂದ 861 ಕಿಲೋಮೀಟರು ಒಳನಾಡಿನಲ್ಲಿ ಸಿಶೆನ್ ಎಂಬ ಕಬ್ಬಿಣದ ಗಣಿ. 1976ರಲ್ಲಿ ಗಣಿಯಿಂದ ಕೊಲ್ಲಿಗೆ ನೇರ ರೈಲು ಹಾಕಿದರು, ಅದಿರಿಗೆಂದೇ. ಮುನ್ನೂರಕ್ಕೂ ಹೆಚ್ಚು ವ್ಯಾಗನ್ನುಗಳ ಒಂದೊಂದು ರೈಲು ಮೂರು ನಾಲ್ಕು ಕಿಲೋಮೀಟರು ಉದ್ದ. ನಮ್ಮ ವ್ಯಾಸನಕೆರೆ ಸ್ಟೇಷನ್ನಿನಲ್ಲಿ ನಿಲ್ಲಿಸಿದರೆ ಇಂಜಿನ್ನು ಹೊಸಪೇಟೆಯ ಕಡೆ, ಕೊನೆಯ ವ್ಯಾಗನ್ನು ಇನ್ನೂ ಬಯಲಿನಲ್ಲಿ. ನೋಡಿ, ಎಂಟುನೂರು ಕಿಲೋಮೀಟರು ಆಚೆಯ ಗಣಿಯೊಂದು ಕಡಲಿನ ಜೊತೆ ಇಷ್ಟು ಆಪ್ತವಾಗಿ ಬದುಕಬಹುದಾದರೆ, ನಾವು ಅದರ ಮೂರರಲ್ಲೊಂದು ದೂರದಲ್ಲಿದ್ದೇವೆ!

ಈ ನಿದರ್ಶನದ ಎರಡನೆಯ ಪುಟ ಓದಬೇಡಿರೆಂದು ಮನವಿ. ಅದರಲ್ಲಿ ಸಲ್ಡಾನ್ಹಾದ ಬಿಳಿ ಗೋಡೆಗಳು ಅದಿರಿನ ದೂಳಿನಿಂದ ಕೆಂಪಾಗಿವೆ, ಮನೆಯವರು ದೂರು ಕೊಟ್ಟು ದಣಿದಿದ್ದಾರೆ ಎಂದಿದೆ. ಅದಿರು ಸುಮ್ಮನೆ ಹಾದು ಹೋದರೆ ಸಾಲದು, ಊರಿಗೂ ಕೆಲಸ ಸಿಗಲಿ ಎಂದು 1998ರ ಸುಮಾರಿಗೆ ಅಲ್ಲೊಂದು ಉಕ್ಕಿನ ಕಾರ್ಖಾನೆ ಶುರು ಮಾಡಿದ್ದರಂತೆ. 2020ರಲ್ಲಿ ಅದು ಮುಚ್ಚಿತು. ಅದಿರಿನ ರೈಲು ಮಾತ್ರ ಅದರ ಪಕ್ಕದಲ್ಲೇ ಹಾದು ಹಡಗಿಗೆ ಹೋಗುತ್ತಿದೆ. ಕಡಲಿದ್ದವರಿಗೂ ದೂಳು, ಕಡಲಿಲ್ಲದವರಿಗೂ ದೂಳು ಎಂದಾದರೆ ನನ್ನ ಅರ್ಜಿಯೇ ವ್ಯರ್ಥವಾಗುತ್ತದೆ, ಆದಕಾರಣ ಆ ಪುಟವನ್ನು ಕಡತದಿಂದ ತೆಗೆದುಹಾಕಬಹುದು. ಕಡತದಿಂದ ಪುಟ ಹೋಗುವುದು ನಮ್ಮಲ್ಲಿ ರೂಢಿಯೇ.

ನಮಗೂ ಅಂಥ ರೈಲು ಕೊಡುವುದಾಗಿ ಹೇಳಿದ್ದಾರೆ, ಅಲ್ಲವೆನ್ನಲಾಗದು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಎಷ್ಟು ವರ್ಷದಿಂದ ಬರುತ್ತಿದೆಯೆಂದರೆ, ಬರುತ್ತಿದೆ ಎಂದು ಮೊದಲು ಭಾಷಣ ಕೇಳಿದವರ ಮೊಮ್ಮಕ್ಕಳು ಈಗ ಅದೇ ಭಾಷಣ ಕೇಳುತ್ತಿದ್ದಾರೆ. ನಡುವೆ ಕಾಡಿದೆ, ಕಾಡಿಗೆ ಕೋರ್ಟಿದೆ. ಇತ್ತ ಬೇಲೇಕೇರಿಯ ಪಕ್ಕದ ಕೇಣಿಯಲ್ಲಿ ಹೊಸ ಬಂದರಿನ ಗುತ್ತಿಗೆ ತೋರಣಗಲ್ಲಿನ ಕಾರ್ಖಾನೆಯ ಬಳಗದ ಕಂಪನಿಗೇ ಸಿಕ್ಕಿದೆ. ಅಲ್ಲಿನ ಮೀನುಗಾರರು ಬೇಡವೆಂದು ದಡದಲ್ಲಿ ನಿಂತಿದ್ದಾರೆ. ಅವರಿಗೆ ಬೇಡವಾದ ಬಂದರನ್ನು ಹೊಸಪೇಟೆಗೆ ವರ್ಗಾಯಿಸಲು ನಮ್ಮದೇನೂ ಅಭ್ಯಂತರವಿಲ್ಲ.

ಹಾಗೆಂದು ಕರಾವಳಿ ನಮ್ಮ ಗುಡ್ಡವನ್ನು ಮರೆತಿದೆಯೆಂದಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು. ಅದರ ಅದಿರನ್ನು ಕೊಳವೆಯಲ್ಲಿ ಕುಡಿದು ಉಂಡೆ ಕಟ್ಟುತ್ತಿದ್ದ ಮಂಗಳೂರಿನ ಪಣಂಬೂರು ಘಟಕಕ್ಕೆ ಹಸಿವು ನಿಲ್ಲಲಿಲ್ಲ. ಆ ಹಸಿವಿಗೆ ಈಗ ಗೊತ್ತುಮಾಡಿರುವುದು ಸಂಡೂರಿನ ದೇವದಾರಿ ಬೆಟ್ಟವನ್ನು. ಸುಮಾರು 400 ಹೆಕ್ಟೇರ್ ಕಾಡು, ಒಂದು ಲಕ್ಷದ ಹತ್ತಿರ ಮರ. 2024ರಲ್ಲಿ ಕೇಂದ್ರದ ಉಕ್ಕು ಸಚಿವರು ಸಹಿ ಹಾಕಿದರು, ರಾಜ್ಯದ ಅರಣ್ಯ ಸಚಿವರು ತಡೆದರು. ಇಬ್ಬರೂ ಕರ್ನಾಟಕದವರೇ ಆದ್ದರಿಂದ ಜಗಳ ಮನೆಯೊಳಗಿನದು. ಮಲೆನಾಡಿನ ಬೆಟ್ಟ ಉಳಿಸಲು ಬಯಲುನಾಡಿನ ಬೆಟ್ಟ, ಅದನ್ನುಳಿಸಲು ಇನ್ನಾವ ನಾಡಿನದೋ. ಸಂಡೂರಿನ ಬೆಟ್ಟ ಮಳೆಗಾಲದಲ್ಲಿ ಹಸಿರಾಗಿ, ಕುಮಾರಸ್ವಾಮಿ ಗುಡಿಯ ಹಾದಿಗೆ ಮೋಡ ಇಳಿದು ಬಂದಾಗ ಒಮ್ಮೆ ನೋಡಬೇಕು. ಇದರಾಚೆ ಬಿಸಿಲಲ್ಲಿ ಬಿರಿದ ಬಳ್ಳಾರಿಯಿದೆ ಎಂದು ನಂಬಿಕೆ ಬರುವುದಿಲ್ಲ. ತಾವಂತೂ ನೋಡಿಲ್ಲ. ತಮ್ಮ ಮುಂಗಾರು ನೋಡಿದೆ, ಅದನ್ನು ಕೇಳಿ.

ನೌಕಾಬಲದ ವಿವರ. ಹಂಪಿಯಿಂದ ಆನೆಗೊಂದಿಗೆ, ಕಂಪ್ಲಿಯ ಹೊಳೆಯ ಮೇಲೆ, ನಮ್ಮಲ್ಲಿ ಹರಿಗೋಲುಗಳಿವೆ. ಐನೂರು ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇವನ್ನು ಕಂಡು, ಬುಟ್ಟಿಯಂತೆ ದುಂಡಗಿವೆ, ಒಳಗೆ ಬಿದಿರು, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ ಎಂದು ಬರೆದ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಕುದುರೆಯ ಬದಲು ಕ್ಯಾಮೆರಾ ಹಿಡಿದ ಪ್ರವಾಸಿಗರು. ಅಷ್ಟು ಬಿಟ್ಟರೆ ತಂತ್ರಜ್ಞಾನ ಬದಲಾಗಿಲ್ಲ. ನೇರ ಹೋಗದೆ ತಿರುಗುತ್ತಲೇ ಮುಂದೆ ಸಾಗುವ ಈ ದೋಣಿ ನಮ್ಮ ಜಿಲ್ಲೆಯ ಆಡಳಿತಕ್ಕೆ ಬಹಳ ಒಗ್ಗಿದೆ. ಉಬ್ಬರ ಇಳಿತವೂ ನಮಗೆ ಗೊತ್ತು: ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ಸಂಚಾರ ಬಂದ್ ಎಂದು ಪತ್ರಿಕೆಯಲ್ಲಿ ಬರುತ್ತದೆ, ಇಳಿಯುತ್ತದೆ, ಮತ್ತೆ ಮುಳುಗುತ್ತದೆ. ಕಡಲಿಗೆ ಚಂದ್ರನ ಆಜ್ಞೆ, ನಮಗೆ ಟಿ.ಬಿ. ಬೋರ್ಡಿನದು.

ಜಲಚರಗಳ ಪಟ್ಟಿಯಲ್ಲೂ ನಾವು ಹಿಂದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲೆಂದು ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಹಕ್ಕಿಗಳು ಜಾಲಿಮರದ ಮೇಲೆ ಸಂಸಾರ ಹೂಡುತ್ತವೆ. 2024ರ ಜನವರಿಯ ಕೊನೆಗೆ ಆ ಕೆರೆ ರಾಮ್ಸಾರ್ ಪಟ್ಟಿ ಸೇರಿತು. ಅದೇ ದಿನ ಅದೇ ಪಟ್ಟಿಗೆ ಸೇರಿದವುಗಳಲ್ಲಿ ಇನ್ನೊಂದು ಯಾವುದು ಗೊತ್ತೇ? ತಮ್ಮದೇ ಅಘನಾಶಿನಿ ಅಳಿವೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ನಮ್ಮನ್ನು ತಮ್ಮ ಪಕ್ಕದಲ್ಲೇ ಕೂರಿಸಿ ಫೋಟೊ ತೆಗೆದ ಮೇಲೂ ಸಂಬಂಧವಿಲ್ಲವೆನ್ನುವುದು ಸರಿಯೆ?

ಡ್ಯಾಮಿನ ಮಾತು ಬಂತಲ್ಲ, ಸ್ವಲ್ಪ ಕೂತು ಹೇಳುತ್ತೇನೆ, ಇಷ್ಟೊತ್ತು ಓದಿದವರು ಇದನ್ನೂ ಓದುತ್ತೀರಿ. ಮದರಾಸು ಮತ್ತು ಹೈದರಾಬಾದು ಸೇರಿ 1945ರಲ್ಲಿ ಅಡಿಗಲ್ಲಿಟ್ಟು, 1953ರ ಹೊತ್ತಿಗೆ ತುಂಗಭದ್ರೆಗೆ ಒಡ್ಡು ಕಟ್ಟಿದರು. ನಾರಾಯಣದೇವರಕೆರೆಯಂಥ ಊರುಗಳು ನೀರಿನ ಕೆಳಗೆ ಹೋದವು. ಅಲ್ಲಿಯವರು ಮೇಲೆ ಬಂದು ಮರಿಯಮ್ಮನಹಳ್ಳಿ ಸೇರಿ ಬದುಕು ಕಟ್ಟಿಕೊಂಡರು. ಆ ಊರಿನಿಂದಲೇ ಜೋಗತಿ ಮಂಜಮ್ಮ ಪದ್ಮಶ್ರೀ ತಂದರು. ಜಲಾಶಯದಲ್ಲಿ ಮೊದಲಿಗೆ 133 ಟಿಎಂಸಿ ಅಡಿ ನೀರು ನಿಲ್ಲುತ್ತಿತ್ತು. ಈಗ ನಿಲ್ಲುವುದು 105.78. ಉಳಿದ ಜಾಗದಲ್ಲಿ ಹೂಳು ಕೂತಿದೆ. ನಮ್ಮ ಸೀಮೆಯಲ್ಲಿ ಬಂದು ಹೋಗದೆ ಉಳಿದುಕೊಂಡ ಏಕೈಕ ಸಂಪತ್ತು ಅದು. ಅದಿರು ಹೋಯಿತು, ಬೆಲ್ಲ ಭತ್ತ ಹೋಗುತ್ತವೆ, ನೀರು ಹೋಗುತ್ತದೆ, ಓದಿದ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ಹೂಳು ಮಾತ್ರ ಬಂದದ್ದು ಬಂದಲ್ಲೇ ಕೂತು ನಿಷ್ಠೆ ತೋರಿಸಿದೆ.

ಹೊಸಪೇಟೆಯಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆಯಿತ್ತು. ಊರಿನವರು ಟಿಎಸ್‌ಪಿ ಅನ್ನುತ್ತಾರೆ. ದೇಶದ ಹಲವು ಅಣೆಕಟ್ಟುಗಳಿಗೆ ಗೇಟು ಮಾಡಿ ಕೊಟ್ಟ ಕೇಂದ್ರ ಸರ್ಕಾರದ ಕಾರ್ಖಾನೆ. ನಷ್ಟವೆಂದು 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ತೀರ್ಮಾನಿಸಿತು. ಹೊಸ ಜಿಲ್ಲೆ ಬಂದಾಗ ಜಿಲ್ಲಾಧಿಕಾರಿ ಕಚೇರಿಗೆ ಜಾಗ ಬೇಕಿತ್ತು. ಆ ಟಿಎಸ್‌ಪಿ ಆವರಣವೇ ಸಿಕ್ಕಿತು. ಗೇಟು ಮಾಡುತ್ತಿದ್ದ ಜಾಗದಲ್ಲಿ ಗೇಟು ಪಾಸು ಕೊಡುವ ಕೆಲಸ ಶುರುವಾಯಿತು. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಬೆಳಗಾಗುವಷ್ಟರಲ್ಲಿ ಇಡೀ ನಾಡಿಗೆ 19 ಎಂಬ ಅಂಕಿ ಬಾಯಿಪಾಠ. ಒತ್ತಡ ಇಳಿಸಲು ಇತರ ಗೇಟುಗಳನ್ನೂ ತೆಗೆದು ವರ್ಷದ ನೀರಿನಲ್ಲೊಂದು ಪಾಲನ್ನು ಶ್ರೀಶೈಲದ ಕಡೆಗೆ ಬಿಡಬೇಕಾಯಿತು. ನಿವೃತ್ತ ಇಂಜಿನಿಯರ್ ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಉಕ್ಕಿನ ತುಂಡು ಇಳಿಸಿ, ವಾರದೊಳಗೆ ಬಾಯಿ ಮುಚ್ಚಿಸಿದರು. ಆ ಕೆಲಸ ನೋಡಲು ಡ್ಯಾಮಿನ ಬಳಿ ಸೇರಿದ ಜನ ಚಪ್ಪಾಳೆ ತಟ್ಟಿದರು. ಪುನೀತ್ ರಾಜ್‌ಕುಮಾರ್ ಸಿನಿಮಾಕ್ಕೆ ಶಿಳ್ಳೆ ಹೊಡೆದು ಅಭ್ಯಾಸವಾದ ಊರು, ಇಂಜಿನಿಯರಿಗೂ ಅಷ್ಟೇ ಜೋರಾಗಿ ಹೊಡೆಯಿತು. ಈಗ 33 ಗೇಟುಗಳನ್ನೂ ಬದಲಿಸುವ ಕೆಲಸ. ಅದಕ್ಕೆ ನೀರು ಕಡಿಮೆ ನಿಲ್ಲಿಸಬೇಕು, ನೀರು ಕಡಿಮೆಯಾದರೆ ಎರಡನೆಯ ಬೆಳೆ ಇಲ್ಲ. ಗೇಟು ಮಾಡುತ್ತಿದ್ದ ಊರಿನಲ್ಲಿ ಗೇಟಿಲ್ಲದೆ ಬೆಳೆ ಹೋಗುವುದು ಎಂಥದೆಂದು ತಮಗೆ ತಿಳಿಸಲು ನನಗೆ ಮಾತು ಸಾಲದು, ಆದರೆ ಜಿಲ್ಲಾಧಿಕಾರಿ ಕಚೇರಿಯ ವಿಳಾಸ ಕೊಡಬಲ್ಲೆ.

ಜನರ ವಿಚಾರ. ಕರಾವಳಿಯವರು ನಮ್ಮಲ್ಲಿ ಇದ್ದಾರೆಯೇ ಎಂದು ಕೇಳಿದರೆ, ಇದ್ದಾರೆ, ಆದರೆ ಅವರು ತಮ್ಮವರಲ್ಲ, ಬಂಗಾಳ ಕೊಲ್ಲಿಯವರು. ಕಾಲುವೆ ಬಂದ ಮೇಲೆ ಕೃಷ್ಣಾ, ಗೋದಾವರಿ ಕಡೆಯ ರೈತರು ತಮ್ಮಲ್ಲಿನ ಒಂದೆಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡು ಕಂಪ್ಲಿ, ಸಿರುಗುಪ್ಪ, ಗಂಗಾವತಿ ಸುತ್ತ ಕ್ಯಾಂಪು ಹಾಕಿದರು. ಮೂರು ತಲೆಮಾರು ಕಳೆದರೂ ಆ ಊರುಗಳ ಹೆಸರಿನ ಕೊನೆಗೆ ಕ್ಯಾಂಪ್ ಅಂತಲೇ ಇದೆ. ಬಂದದ್ದು ತಾತ್ಕಾಲಿಕವೆಂದು ಈಗಲೂ ನಂಬಿಕೊಂಡಂತೆ. ಭತ್ತ ನಾಟಿ, ರಸಗೊಬ್ಬರ, ಅಕ್ಕಿ ಗಿರಣಿ ಎಲ್ಲವೂ ಅವರ ಹಿಂದೆ ಬಂತು. ಅವರ ಗದ್ದೆಯಲ್ಲಿ ಕೂಲಿ ಮಾಡಿದವರು ನಮ್ಮ ಹಳ್ಳಿಯವರು.

ತಮ್ಮ ಕಡೆಗೆ ಹೋದವರು ನಮ್ಮವರು. ಒಂದು ಕಾಲಕ್ಕೆ ಲಂಬಾಣಿಗಳು ಎತ್ತಿನ ಹೇರು ಕಟ್ಟಿಕೊಂಡು ತಮ್ಮ ದಡದ ಉಪ್ಪನ್ನು ಒಳನಾಡಿಗೆ, ಒಳನಾಡಿನ ಕಾಳನ್ನು ದಡಕ್ಕೆ ಸಾಗಿಸುತ್ತಿದ್ದರು. ರೈಲು ಬಂತು, ಎತ್ತು ಮಾರಿದರು, ತಾಂಡಾ ಕಟ್ಟಿ ಕೂತರು. ಮಳೆ ಕೈಕೊಟ್ಟ ವರ್ಷ ಸಂಡೂರು, ಕೂಡ್ಲಿಗಿ, ಹಡಗಲಿ ಕಡೆಯ ತಾಂಡಾಗಳ ಮನೆಗಳಲ್ಲಿ ಅಜ್ಜ ಅಜ್ಜಿ ಮತ್ತು ಬೀಗ ಮಾತ್ರ ಉಳಿಯುವುದನ್ನು ನೋಡಬಹುದು. ಮಿಕ್ಕವರು ಗುಳೆ. ಗೋವಾ, ಮಂಗಳೂರು, ಉಡುಪಿ. ತಮ್ಮ ದಡದ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ, ಗೋವಾದ ಬೀಚಿನಲ್ಲಿ ಪ್ರವಾಸಿಗರಿಗೆ ಮಣಿಸರ ಹಿಡಿದು ಬೆನ್ನು ಬೀಳುವವರಲ್ಲಿ ನಮ್ಮವರೆಷ್ಟು ಮಂದಿ ಎಂದು ಎಣಿಸಿ ತಿಳಿಸಿದರೆ ಉಪಕಾರ. ನಮ್ಮ ಜನಗಣತಿಯವರು ಬಂದಾಗ ಮನೆಗೆ ಬೀಗವಿರುತ್ತದೆ. ಉಳಿದ ಹೆಂಗಸರು ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಕಸೂತಿ ಹಾಕುತ್ತಾರೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಗೆ ಜಿ-20 ದೇಶಗಳ ಸಂಸ್ಕೃತಿ ಪ್ರತಿನಿಧಿಗಳು ಬಂದಾಗ 1,755 ಕಸೂತಿ ವಸ್ತುಗಳನ್ನು ಒಂದೇ ಕಡೆ ಹರಡಿ ಗಿನ್ನೆಸ್ ದಾಖಲೆ ಮಾಡಿದರು. ಬಟ್ಟೆಗೆ ಊರಿನ ಗುರುತು ಸಿಕ್ಕಿತು, ಹಾಕಿದ ಕೈಗೆ ಊರಿನಲ್ಲಿ ಕೆಲಸ ಸಿಗುವುದು ಬಾಕಿಯಿದೆ.

ಹಂಪಿಯದು ಇನ್ನೊಂದು ಬಗೆ. ಅಲ್ಲಿ ಹೋಗುವುದು ಕಲ್ಲಲ್ಲ, ಜನ. ಸುಪ್ರೀಂ ಕೋರ್ಟ್ ಸಂಡೂರಿನಲ್ಲಿ ಗಣಿ ಯಂತ್ರ ನಿಲ್ಲಿಸಿದ 2011ರ ಅದೇ ಜುಲೈ ಕೊನೆಯ ದಿನಗಳಲ್ಲಿ ವಿರೂಪಾಕ್ಷ ಬಜಾರಿಗೆ ಯಂತ್ರ ಬಂತು. ಸಾಲು ಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಿದರು. ಐನೂರು ವರ್ಷದ ಹಿಂದೆ ಪಾಯಸ್ ಬಾಯಿ ಬಿಟ್ಟುಕೊಂಡು ನೋಡಿದ್ದ ಬಜಾರು, ಈಗ ವಿಶ್ವ ಪರಂಪರೆಯ ಜಾಗ. ಅಲ್ಲಿ ವ್ಯಾಪಾರ ಮಾಡುವುದು ಅತಿಕ್ರಮಣವಾಯಿತು. ಈಗ ಬೀದಿ ಚೊಕ್ಕಟ. ಐವತ್ತರ ನೋಟಿನ ಮೇಲಿರುವ ಕಲ್ಲಿನ ರಥವನ್ನು ನೋಡಲು ಬಂದವರು ಐವತ್ತು ಕೊಟ್ಟು ಎಳನೀರು ಕುಡಿಯಲು ಎಲ್ಲಿ ಎಂದು ಹುಡುಕುತ್ತಾರೆ. ಪರಂಪರೆ ಕಾಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಮಂಟಪಕ್ಕೆ ಮೊಳೆ ಹೊಡೆದವರೂ ಇದ್ದರು. ಆದರೆ ಸಂಡೂರಿನಲ್ಲಿ ಬೆಟ್ಟವನ್ನೇ ಅತಿಕ್ರಮಿಸಿದವರಿಗೆ ವರ್ಷಗಟ್ಟಲೆ ವಾಯಿದೆ ಸಿಕ್ಕಿತ್ತು, ಹಂಪಿಯಲ್ಲಿ ಮಿರ್ಚಿ ಕರಿಯುತ್ತಿದ್ದವರಿಗೆ ಸಿಕ್ಕದ್ದು ಕೆಲವೇ ಗಂಟೆ.

ಈ ಎಲ್ಲ ಕಾರಣಗಳಿಂದ ನಾವು ಕರಾವಳಿಯವರೇ ಎಂಬುದು ಸಿದ್ಧವಾಗಿದೆ ಎಂದು ಭಾವಿಸುತ್ತೇನೆ. ಮಾಲು ಇಲ್ಲಿ ನಿಲ್ಲದೆ ಹೊರಗೆ ಹೋಗುವುದಾದರೆ, ಹೊರಗಿನವರು ಬಂದು ನೋಡಿ ಹೋಗುವುದಾದರೆ, ಗಂಡಾಳುಗಳು ವರ್ಷದ ಅರ್ಧ ಮನೆಯಲ್ಲಿ ಇಲ್ಲದಿದ್ದರೆ, ನೀರು ಏರಿ ಇಳಿದು ಸೇತುವೆ ಮುಳುಗಿಸುವುದಾದರೆ, ಅದು ಬಂದರಲ್ಲದೆ ಮತ್ತೇನು? ಕೊರತೆಯಿರುವುದು ತಮ್ಮೊಬ್ಬರದೇ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಘೋಷಣೆ ಕೂಡಲೇ ಆಗಬೇಕು. ಅದು ತಡವಾಗುವುದಾದರೆ, ಬೇಲೇಕೇರಿಯಲ್ಲಿ ನಾವು ಕಳಿಸಿದ್ದಕ್ಕೆ ತೂಕದ ಚೀಟಿಯಾದರೂ ಕೊಡಬೇಕು. ನಮ್ಮಲ್ಲಿ ಬರೆದ ಚೀಟಿಗಳು ಒಂದಕ್ಕೊಂದು ಹೊಂದುವುದಿಲ್ಲ, ಎರಡು ಚೀಟಿಯಲ್ಲಿ ಒಂದೇ ಲಾರಿ ಏಕಕಾಲಕ್ಕೆ ಎರಡು ಊರಿನಲ್ಲಿ ಓಡಾಡಿದೆ. ತಮ್ಮ ತೂಕವೊಂದೇ ನಂಬಿಕೆಯದು. ಚೀಟಿಯೂ ಸಿಗದಿದ್ದರೆ, ಸಾಳ್ವ ನರಸಿಂಹನ ಕಾಲದ ಪದ್ಧತಿಯಂತೆ ಅದಿರಿನ ಬಾಲವನ್ನು ಕಳುಹಿಸಿಕೊಡಿ. ಯಾವ ದೇಶದ ಯಾವ ಸೇತುವೆಯಲ್ಲಿ, ಯಾವ ಕ್ರೀಡಾಂಗಣದ ಕಂಬದಲ್ಲಿ ಸಂಡೂರು ನಿಂತಿದೆ ಎಂಬ ಒಂದು ಫೋಟೊ ಆದರೂ ನಡೆದೀತು. ಶಾಲೆಯ ಭೂಗೋಳ ಪಾಠಕ್ಕೆ ಅಂಟಿಸಿಕೊಳ್ಳುತ್ತೇವೆ.

ಅರ್ಜಿ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದಾದರೆ ಸಂಬಂಧಪಟ್ಟ ಕಡೆಗೆ ವರ್ಗಾಯಿಸಿ. ಬಳ್ಳಾರಿಗೆ ಮಾತ್ರ ಕಳಿಸಬೇಡಿ. ಅಲ್ಲಿಯವರು ಹೊಸಪೇಟೆ ನಮ್ಮದಲ್ಲವೆಂದು ಇಲ್ಲಿಗೆ ಕಳಿಸುತ್ತಾರೆ, ಇಲ್ಲಿಯವರು ಸಂಡೂರು ನಮ್ಮದಲ್ಲವೆಂದು ಅಲ್ಲಿಗೆ. ಅಷ್ಟರಲ್ಲಿ ಮುಂದಿನ ಮುಂಗಾರು ಬಂದಿರುತ್ತದೆ.

ಇಂತಿ ತಮ್ಮ ವಿಧೇಯ,
ಕಡಲಿಲ್ಲದ ಕರಾವಳಿಯ ನಿವಾಸಿ,
ಹೊಸಪೇಟೆ.

ಪ್ರತಿ: ಬಂಗಾಳ ಕೊಲ್ಲಿಯವರಿಗೆ, ಮಾಹಿತಿಗಾಗಿ. ತಾವು ಕೃಷ್ಣೆಯ ಮೂಲಕ ನಮ್ಮ ನೀರನ್ನು ವರ್ಷಾವಧಿ ಪಡೆಯುತ್ತಿದ್ದೀರಿ, 2024ರ ಆಗಸ್ಟಿನಲ್ಲಿ ಸ್ವಲ್ಪ ಹೆಚ್ಚಾಗಿಯೇ ಕಳಿಸಿದ್ದೇವೆ. 19ನೇ ಗೇಟು ಸಿಕ್ಕಿದ್ದರೆ ದಯವಿಟ್ಟು ಮರಳಿಸಿ. ಗುಜರಿಯವರು ದರ ಕೇಳಿ ಹೋಗಿದ್ದಾರೆ.